ಕಲಾವ್ರಿತಾ ಒಪ್ಪದ ಕತೆ

ನಮಸ್ಕಾರ ಕೇಳುಗರೇ.

ಇವತ್ತು ಗ್ರೀಸ್ ದೇಶದ ಒಂದು ಬೆಟ್ಟದೂರಿನ ಕತೆ ಹೇಳುತ್ತೇನೆ. ಊರಿನ ಹೆಸರು ಕಲಾವ್ರಿತಾ. ಗ್ರೀಸಿನ ದಕ್ಷಿಣಕ್ಕೆ ಪೆಲೊಪೊನೀಸ್ ಅಂತ ಒಂದು ದೊಡ್ಡ ಪರ್ಯಾಯ ದ್ವೀಪ ಇದೆ. ಅದರ ಉತ್ತರ ಭಾಗದಲ್ಲಿ ಹೆಲ್ಮೋಸ್ ಅನ್ನುವ ಬೆಟ್ಟಸಾಲು. ಆ ಬೆಟ್ಟದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಈ ಊರಿದೆ. ಊರು ಚಿಕ್ಕದು. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಮೇಲಿನ ಬೆಟ್ಟದಲ್ಲಿ ಸ್ಕೀ ಆಡಲು ಅಥೆನ್ಸಿನಿಂದ ಜನ ಕಾರು ಮಾಡಿಕೊಂಡು ಬರುತ್ತಾರೆ.

ಈ ಊರಿಗೆ ಕತೆಗಳ ಬರ ಇಲ್ಲ. ಪ್ರತಿ ಬಂಡೆಗೆ, ಪ್ರತಿ ನೀರಿಗೆ ಒಂದೊಂದು ಕತೆ. ಕೆಲವು ನಿಜ, ಕೆಲವು ಅಲ್ಲ. ಊರಿನವರಿಗೆ ಅದರ ಬಗ್ಗೆ ಅಂಥ ತಕರಾರೂ ಇಲ್ಲ. ಆದರೆ ಒಂದೇ ಒಂದು ಕತೆಯನ್ನು ಮಾತ್ರ ಅಲ್ಲಿನ ಅನೇಕರು ಬಿಲ್ಕುಲ್ ಒಪ್ಪುವುದಿಲ್ಲ. ಅದು ಎಂಥ ಕತೆ, ಯಾಕೆ ಒಪ್ಪುವುದಿಲ್ಲ ಅನ್ನುವುದೇ ಇವತ್ತಿನ ನನ್ನ ಮಾತಿನ ತಿರುಳು. ಅಲ್ಲಿಗೆ ಹೋಗುವ ಮೊದಲು ಊರಿಗೆ ಹೋಗೋಣ.

ಹೋಗುವುದಾದರೆ ರೈಲಿನಲ್ಲೇ ಹೋಗಬೇಕು. ಕೊರಿಂಥ್ ಕೊಲ್ಲಿಯ ದಂಡೆಯಲ್ಲಿ ದಿಯಾಕೋಫ್ತೋ ಅಂತ ಒಂದು ಊರು. ಅಲ್ಲಿಂದ ಪುಟ್ಟ ರೈಲು ಹೊರಡುತ್ತದೆ. ಹಳಿಗಳ ನಡುವಿನ ಅಗಲ ಮುಕ್ಕಾಲು ಮೀಟರ್ ಅಷ್ಟೇ. 22 ಕಿಲೋಮೀಟರ್ ದಾರಿಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. 1896ರಲ್ಲಿ ಶುರುವಾದ ಈ ರೈಲು ಇವತ್ತಿಗೂ ಓಡುತ್ತಿದೆ. ಏರು ಕಡಿದಾದ ಕಡೆ ಎರಡು ಹಳಿಗಳ ನಡುವೆ ಹಲ್ಲು ಹಲ್ಲಿನ ಇನ್ನೊಂದು ಪಟ್ಟಿ ಬರುತ್ತದೆ. ರೈಲಿನ ಕೆಳಗಿರುವ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಳ್ಳುತ್ತದೆ. ಆಗ ರೈಲು ನಿಧಾನವಾಗಿ, ಕಟಕಟ ಅಂತ ಹತ್ತುತ್ತದೆ. ಮೇಟ್ಟುಪಾಳ್ಯದಿಂದ ಊಟಿಗೆ ಹೋಗುವ ರೈಲು ಹತ್ತಿದವರಿಗೆ ಇದು ಗೊತ್ತಿರುತ್ತದೆ. ಎರಡೂ ಕಡೆ ಇರುವುದು ಆಬ್ಟ್ ಅನ್ನುವ ಒಂದೇ ಪದ್ಧತಿ. ಏರು ಮಾತ್ರ ಗ್ರೀಸಿನದೇ ಜಾಸ್ತಿ, ಹೆಚ್ಚುಕಡಿಮೆ ನಮ್ಮ ನೀಲಗಿರಿಯ ಎರಡರಷ್ಟು.

ರೈಲು ಹೋಗುವುದು ವುರಾಯಿಕೋಸ್ ಅನ್ನುವ ನದಿಯ ಕಂದರದಲ್ಲಿ. ಎರಡೂ ಕಡೆ ಬಂಡೆಗೋಡೆ, ಕೆಳಗೆ ಭೋರ್ಗರೆಯುವ ನೀರು. ಕೆಲವು ಕಡೆ ಕಂದರ ಎಷ್ಟು ಇಕ್ಕಟ್ಟು ಅಂದರೆ ನದಿಗೇ ಜಾಗ ಸಾಲದು, ಇನ್ನು ರೈಲಿಗೆ ಎಲ್ಲಿಂದ ಬರಬೇಕು? ಬಂಡೆ ಕೊರೆದು ಸುರಂಗ ಮಾಡಿದ್ದಾರೆ. ಈ ಕಂದರ ಹುಟ್ಟಿದ್ದಕ್ಕೂ ಒಂದು ಕತೆ ಇದೆ. ಹೆರಾಕ್ಲೀಸ್ ಎಂಬ ವೀರನಿಗೆ ವೂರಾ ಎಂಬ ಹುಡುಗಿಯ ಮೇಲೆ ಮನಸ್ಸಾಯಿತಂತೆ. ಅವಳಿದ್ದದ್ದು ಕೆಳಗೆ ಕಡಲ ಕಡೆ. ನಡುವೆ ಬೆಟ್ಟ ಅಡ್ಡ. ಸುತ್ತಿ ಬಳಸಿ ಹೋಗುವ ತಾಳ್ಮೆ ಆ ಮನುಷ್ಯನಿಗೆಲ್ಲಿ! ಬೆಟ್ಟವನ್ನೇ ಸೀಳಿಬಿಟ್ಟ. ಅವಳ ಹೆಸರಿನ ಊರೊಂದು ನಿಜವಾಗಿಯೂ ಇತ್ತು. ಕ್ರಿಸ್ತಪೂರ್ವ 373ರ ಚಳಿಗಾಲದ ಒಂದು ರಾತ್ರಿ ದೊಡ್ಡ ಭೂಕಂಪ ಆಯಿತು. ಪಕ್ಕದ ಹೆಲಿಕೆ ಪಟ್ಟಣ ನೀರಿನ ಪಾಲಾಯಿತು. ವೂರಾ ಊರೂ ನೆಲಸಮವಾಯಿತು. ಕತೆಯ ಹುಡುಗಿ ಮಾತ್ರ ನದಿಯ ಹೆಸರಿನಲ್ಲಿ ಉಳಿದುಕೊಂಡಳು.

ಅರ್ಧ ದಾರಿ ದಾಟಿದ ಮೇಲೆ ಝಾಹ್ಲೊರೂ ಅಂತ ಒಂದು ಹಳ್ಳಿ. ಅಲ್ಲಿ ಇಳಿದು ಕಾಲುದಾರಿ ಹತ್ತಿದರೆ ಮೇಗಾ ಸ್ಪಿಲಿಯೋ ಮಠ ಸಿಗುತ್ತದೆ. ನೆಟ್ಟಗೆ ನಿಂತ ಬಂಡೆಗೋಡೆಗೆ ಅಂಟಿಸಿದ ಹಾಗೆ ಎಂಟು ಅಂತಸ್ತಿನ ಕಟ್ಟಡ. ಒಳಗೆ ಹೋದರೆ ಗುಹೆ. 362ನೇ ಇಸವಿಯಲ್ಲಿ ಸಿಮೆಯೋನ್ ಮತ್ತು ಥಿಯೋದೊರೋಸ್ ಎಂಬ ಅಣ್ಣತಮ್ಮಂದಿರಿಗೆ ಕನಸು ಬಿತ್ತು, ಮೇರಿಮಾತೆಯ ಚಿತ್ರಪಟ ಹುಡುಕಿಕೊಂಡು ಇಲ್ಲಿಗೆ ಬಂದರು ಅಂತ ಮಠದ ಐತಿಹ್ಯ. ಜಾಗ ತೋರಿಸಿದವಳು ಎಫ್ರೋಸಿನಿ ಎಂಬ ಕುರಿಗಾಹಿ ಹುಡುಗಿ. ಸುತ್ತ ಎಲ್ಲೂ ನೀರಿಲ್ಲ, ಆದರೆ ಅವಳ ಒಂದು ಆಡಿನ ಗಡ್ಡ ದಿನಾ ಒದ್ದೆಯಾಗಿರುತ್ತಿತ್ತು. ಆಡಿನ ಹಿಂದೆಯೇ ಹೋದಳು. ಗುಹೆ ಸಿಕ್ಕಿತು, ಒಳಗೆ ಬುಗ್ಗೆ ಸಿಕ್ಕಿತು, ಚಿತ್ರಪಟವೂ ಸಿಕ್ಕಿತು. ಗುಹೆಯಲ್ಲಿ ಒಂದು ಘಟಸರ್ಪವೂ ಇತ್ತಂತೆ, ಸಿಡಿಲು ಬಡಿದು ಸತ್ತಿತಂತೆ. ಆ ಸರ್ಪ ಆಮೇಲೆ ಯಾರೋ ಸೇರಿಸಿದ್ದು ಅಂತ ನನ್ನ ಗುಮಾನಿ. ಒದ್ದೆ ಗಡ್ಡದ ಆಡು ಮಾತ್ರ ಆಡು ಕಾದವರೇ ಹೇಳಿದ ಹಾಗಿದೆ. ಚಿತ್ರಪಟ ಈಗಲೂ ಅಲ್ಲಿದೆ. ಜೇನುಮೇಣ ಮತ್ತು ಮರದ ಅಂಟಿನಿಂದ ಮಾಡಿದ ಉಬ್ಬುಚಿತ್ರ. ಸಂತ ಲೂಕನೇ ಕೈಯಾರೆ ಮಾಡಿದ್ದು ಅಂತ ನಂಬಿಕೆ. ಮಠಕ್ಕೆ ಮತ್ತೆ ಮತ್ತೆ ಬೆಂಕಿ ಬಿದ್ದು ಅದು ಪೂರ್ತಿ ಕಪ್ಪಾಗಿದೆ.

ಈ ಮಠದ ಸನ್ಯಾಸಿಗಳು ಪಾಪದವರು ಅಂತ ಅಂದುಕೊಳ್ಳಬೇಡಿ. 1827ರಲ್ಲಿ, ಗ್ರೀಕರು ತುರ್ಕರ ವಿರುದ್ಧ ದಂಗೆ ಎದ್ದಿದ್ದ ಕಾಲದಲ್ಲಿ, ತುರ್ಕರ ಪರವಾಗಿ ಈಜಿಪ್ಟಿನ ಇಬ್ರಾಹಿಂ ಪಾಷಾ ದೊಡ್ಡ ಸೈನ್ಯ ತಂದು ಶರಣಾಗಿ ಅಂತ ಹೇಳಿ ಕಳಿಸಿದ. ಮಠದವರು ಕಾಗದ ಬರೆದು ಉತ್ತರ ಕೊಟ್ಟರು. ಅದರ ಸಾರಾಂಶ ಇಷ್ಟು: ನೀನು ಗೆದ್ದರೆ ಸನ್ಯಾಸಿಗಳನ್ನು ಗೆದ್ದೆ ಅಂತಾಗುತ್ತದೆ, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಸೋತರೆ ಮಾತ್ರ ಸನ್ಯಾಸಿಗಳ ಕೈಲಿ ಸೋತವನು ಅಂತ ಹೆಸರು ಬರುತ್ತದೆ. ಪಾಷಾ ಯುದ್ಧ ಮಾಡಿದ, ಸೋತ.

ಸರಿ, ಈಗ ಊರಿಗೆ ಬರೋಣ. ಈ ಜಾಗದಲ್ಲಿ ಹಿಂದೆ ಕಿನೈಥಾ ಎಂಬ ಪ್ರಾಚೀನ ಊರಿತ್ತು ಅಂತ ವಿದ್ವಾಂಸರು ಗುರುತಿಸುತ್ತಾರೆ. ಕಿನೈಥಾ ಬಗ್ಗೆ ಪೊಲಿಬಿಯಸ್ ಎಂಬ ಇತಿಹಾಸಕಾರ ಬರೆದದ್ದು ನನಗೆ ಬಹಳ ಇಷ್ಟ. ಆಗ ಈ ಇಡೀ ಬೆಟ್ಟದ ಸೀಮೆಗೆ ಅರ್ಕೇಡಿಯಾ ಅಂತ ಹೆಸರು. ಅಲ್ಲಿ ಮಕ್ಕಳಿಗೆ ಚಿಕ್ಕಂದಿನಿಂದಲೇ ಹಾಡು ಕಲಿಸುತ್ತಿದ್ದರು. ಮೂವತ್ತು ವಯಸ್ಸಿನವರೆಗೂ ಸಂಗೀತ ಕಡ್ಡಾಯ. ಬೇರೆ ವಿದ್ಯೆ ಬಾರದು ಅಂದರೆ ನಾಚಿಕೆ ಇಲ್ಲ, ಹಾಡಲು ಬಾರದು ಅಂದರೆ ಮಾನ ಹೋದ ಹಾಗೆ. ಯಾಕೆ ಇಷ್ಟು? ಇದು ಚಳಿಯ, ಒರಟು ಸೀಮೆ, ಬದುಕು ಕಷ್ಟ, ಜನರ ಮನಸ್ಸೂ ಒರಟಾಗುತ್ತದೆ, ಅದನ್ನು ಮೆತ್ತಗೆ ಮಾಡಲು ಹಿರಿಯರು ಸಂಗೀತ ತಂದರು ಅನ್ನುತ್ತಾನೆ ಪೊಲಿಬಿಯಸ್. ಕಿನೈಥಾದಲ್ಲಿ ಚಳಿ ಎಲ್ಲರಿಗಿಂತ ಜಾಸ್ತಿ. ಹಾಗಾಗಿ ಅವರಿಗೆ ಸಂಗೀತ ಎಲ್ಲರಿಗಿಂತ ಜಾಸ್ತಿ ಬೇಕಿತ್ತು. ಅವರು ಅದನ್ನೇ ಬಿಟ್ಟರು. ಒಬ್ಬರನ್ನೊಬ್ಬರು ಕೊಲ್ಲುವುದು, ಊರು ಬಿಡಿಸುವುದು, ಆಸ್ತಿ ಕಿತ್ತುಕೊಳ್ಳುವುದು ನಡೆಯಿತು.

ಕೊನೆಗೆ ಗಡೀಪಾರಾದವರನ್ನು ರಾಜಿ ಮಾಡಿಕೊಂಡು ಒಳಗೆ ಕರೆದುಕೊಂಡರು. ಒಳಗೆ ಬಂದವರು ಕ್ರಿಸ್ತಪೂರ್ವ 220ರಲ್ಲಿ ಏಟೋಲಿಯಾದ ಸೈನ್ಯಕ್ಕೆ ಬಾಗಿಲು ತೆರೆದರು. ಆ ಸೈನ್ಯ ಮೊದಲು ಕೊಂದದ್ದು ಬಾಗಿಲು ತೆರೆದವರನ್ನೇ! ಈ ಊರಿನ ರಾಯಭಾರಿಗಳು ಹಿಂದೊಮ್ಮೆ ಒಂದು ದೊಡ್ಡ ಹತ್ಯಾಕಾಂಡದ ನಂತರ ಸ್ಪಾರ್ಟಾಕ್ಕೆ ಹೋಗುವಾಗ ದಾರಿಯಲ್ಲಿ ಅರ್ಕೇಡಿಯಾದ ಊರುಗಳು ಅವರನ್ನು ಓಡಿಸಿದ್ದವಂತೆ. ಮಾಂಟಿನಿಯಾದವರಂತೂ ಅವರು ಹೋದ ಮೇಲೆ ಬಲಿ ಕೊಟ್ಟು, ಊರು ಸುತ್ತಿ ಮೈಲಿಗೆ ಕಳೆದುಕೊಂಡರು. ಸಂಗೀತ ಬಿಟ್ಟಿದ್ದಕ್ಕೇ ಊರು ಹಾಳಾಯಿತು ಅನ್ನುವುದು ಸ್ವಲ್ಪ ಅತಿಯೇ. ಪೊಲಿಬಿಯಸ್ ಸ್ವತಃ ಅರ್ಕೇಡಿಯಾದವನು, ತನ್ನ ನಾಡಿನ ಮರ್ಯಾದೆ ಉಳಿಸಬೇಕಿತ್ತು, ಒಂದು ಊರಿನ ತಲೆಗೆ ಕಟ್ಟಿದ. ಆದರೂ ಕಾರಣ ಹುಡುಕಿದ ರೀತಿ ನೋಡಿ. ಸಂಗೀತದ ಮೇಷ್ಟ್ರುಗಳಿಗೆ ಇಷ್ಟು ಬೆಲೆ ಕೊಟ್ಟ ಇತಿಹಾಸಕಾರ ಇನ್ನೊಬ್ಬ ಸಿಗುವುದು ಕಷ್ಟ.

ಊರಿನ ಹಿಂದಿರುವ ಹೆಲ್ಮೋಸ್ ಬೆಟ್ಟದ ತುದಿ 2,355 ಮೀಟರ್. ಅದರ ಇನ್ನೊಂದು ಮೈಯಲ್ಲಿ ಒಂದು ಭಾರೀ ಬಂಡೆ. ಅದರ ಮೇಲಿಂದ ಸುಮಾರು 200 ಮೀಟರ್ ಕೆಳಗೆ ಸಣ್ಣ ಧಾರೆಯಾಗಿ ನೀರು ಬೀಳುತ್ತದೆ. ಅದೇ ಸ್ಟಿಕ್ಸ್. ಹೌದು, ಸತ್ತವರ ಲೋಕದ ಆ ನದಿ! ದೇವತೆಗಳು ಆಣೆ ಮಾಡುವಾಗ ಈ ನೀರಿನ ಮೇಲೆ ಮಾಡಬೇಕಿತ್ತು. ಸುಳ್ಳು ಆಣೆ ಮಾಡಿದ ದೇವರು ಒಂದು ವರ್ಷ ಉಸಿರಿಲ್ಲದೆ ಬಿದ್ದಿರಬೇಕು, ಆಮೇಲೆ ಒಂಬತ್ತು ವರ್ಷ ದೇವಸಭೆಗೆ ಪ್ರವೇಶ ಇಲ್ಲ. ಥೆಟಿಸ್ ಎಂಬ ದೇವತೆ ತನ್ನ ಮಗ, ಟ್ರಾಯ್ ಯುದ್ಧದ ವೀರ ಅಕಿಲೀಸನನ್ನು ಹಿಮ್ಮಡಿ ಹಿಡಿದು ಅದ್ದಿದ್ದೂ ಇದೇ ನೀರಿಗೆ. ಈ ನೀರು ಕುಡಿದರೆ ಸಾವು, ಯಾವ ಪಾತ್ರೆಗೆ ತುಂಬಿದರೂ ಪಾತ್ರೆ ಒಡೆಯುತ್ತದೆ, ಕುದುರೆಯ ಗೊರಸಿನಲ್ಲಿ ಮಾತ್ರ ನಿಲ್ಲುತ್ತದೆ ಅಂತ ಎರಡನೇ ಶತಮಾನದ ಯಾತ್ರಿಕ ಪೌಸಾನಿಯಾಸ್ ಬರೆದಿದ್ದಾನೆ. ಅಲೆಕ್ಸಾಂಡರನನ್ನು ಕೊಂದದ್ದು ಈ ನೀರೇ, ಗೊರಸಿನಲ್ಲಿ ಬಾಬಿಲೋನಿಗೆ ಒಯ್ದಿದ್ದರು ಅನ್ನುವ ಗಾಳಿಸುದ್ದಿಯೂ ಆ ಕಾಲದಲ್ಲಿತ್ತು. ಈಗ ಅದೇ ಬೆಟ್ಟದ ಮೇಲೆ ಅರಿಸ್ಟಾರ್ಕೋಸ್ ಎಂಬ ದೂರದರ್ಶಕ ಇದೆ. 2.3 ಮೀಟರ್ ಅಗಲದ ಕನ್ನಡಿ. 2007ರಲ್ಲಿ ಉದ್ಘಾಟನೆ ಆಯಿತು.

ಇನ್ನು 1821ಕ್ಕೆ ಬರೋಣ. ಗ್ರೀಸಿನ ಸ್ವಾತಂತ್ರ್ಯ ದಿನ ಮಾರ್ಚ್ 25. ಅಲ್ಲಿನ ಶಾಲಾ ಮಕ್ಕಳಿಗೆಲ್ಲ ಗೊತ್ತಿರುವ ಕತೆ ಇದು. ಕಲಾವ್ರಿತಾದ ಪಕ್ಕದಲ್ಲಿ ಆಯಿಯಾ ಲಾವ್ರಾ ಅಂತ ಮಠ ಇದೆ. 961ರಲ್ಲಿ ಕಟ್ಟಿದ್ದು. 1821ರ ಮಾರ್ಚ್ 25ರಂದು ಪಾತ್ರಾಸಿನ ಬಿಷಪ್ ಗೆರ್ಮಾನೋಸ್ ಅಲ್ಲಿಗೆ ಬಂದರು. ಗರ್ಭಗುಡಿಯ ಮುಂದಿನ ಪರದೆಯನ್ನೇ ಬಾವುಟ ಮಾಡಿ ಎತ್ತಿ ಹಿಡಿದರು. ಮುಖಂಡರೆಲ್ಲ ಸ್ವಾತಂತ್ರ್ಯ, ಇಲ್ಲವೇ ಸಾವು ಅಂತ ಆಣೆ ಮಾಡಿದರು. ಹೀಗೆ ತುರ್ಕರ ಆಳ್ವಿಕೆಯ ವಿರುದ್ಧ ಕ್ರಾಂತಿ ಶುರುವಾಯಿತು. 1865ರಲ್ಲಿ ಥಿಯೋದೊರೋಸ್ ವ್ರಿಝಾಕಿಸ್ ಎಂಬ ಚಿತ್ರಕಾರ ಈ ದೃಶ್ಯ ಬರೆದ. ಅದು ಮನೆಮನೆಯ ಗೋಡೆ ಸೇರಿತು.

ಇತಿಹಾಸಕಾರರು ಹೇಳುವುದೇ ಬೇರೆ. ಆ ದಿನ ಬಿಷಪ್ಪರು ಅಲ್ಲಿ ಇರಲೇ ಇಲ್ಲ. ಅವರೇ ಬರೆದ ನೆನಪಿನ ಪುಸ್ತಕದಲ್ಲೂ ಈ ಪ್ರಸಂಗ ಇಲ್ಲ. ಕತೆಯನ್ನು ಹಬ್ಬಿಸಿದವನು ಪೂಕ್‌ವಿಲ್ ಎಂಬ ಫ್ರೆಂಚ್ ರಾಜತಾಂತ್ರಿಕ, 1824ರಲ್ಲಿ ಬರೆದ ಪುಸ್ತಕದ ಮೂಲಕ. ಮಾರ್ಚ್ 25 ಮೊದಲೇ ಮೇರಿಮಾತೆಯ ಹಬ್ಬ. 1838ರಲ್ಲಿ ಸರ್ಕಾರ ಅದನ್ನೇ ರಾಷ್ಟ್ರೀಯ ಹಬ್ಬ ಮಾಡಿತು. ಎರಡೂ ಸೇರಿ ಕತೆ ಗಟ್ಟಿಯಾಯಿತು. ತಮಾಷೆ ಅಂದರೆ ಕಲಾವ್ರಿತಾಕ್ಕೆ ಈ ಕತೆಯ ಹಂಗೇ ಬೇಕಿರಲಿಲ್ಲ. ಮಾರ್ಚ್ 21ಕ್ಕೇ ದಂಗೆಕೋರರು ಊರಿಗೆ ನುಗ್ಗಿ, ಅಲ್ಲಿನ ತುರ್ಕರ ಪಡೆ ಶರಣಾಗುವ ಹಾಗೆ ಮಾಡಿದ್ದರು. ಮೊದಲು ಬಿಡುಗಡೆಯಾದ ಊರುಗಳಲ್ಲಿ ಇದೂ ಒಂದು. ನಿಜವೇ ಇಷ್ಟು ಚೆನ್ನಾಗಿದ್ದರೂ ಜನ ಕತೆಯನ್ನು ಬಿಡಲಿಲ್ಲ. ಪರದೆಯ ಬಾವುಟ ಇವತ್ತೂ ಮಠದಲ್ಲಿದೆ. ಇತಿಹಾಸಕಾರರು ಹೇಳುವುದನ್ನು ಕೇಳುತ್ತಾರೆ, ಆಮೇಲೆ ಹಬ್ಬ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಕೇಳುಗರೇ, ಈಗ ಮೊದಲೇ ಹೇಳಿದ ಆ ಕತೆಗೆ ಬರುತ್ತೇನೆ. ಇದು ನಡೆದದ್ದು 1943ರ ಡಿಸೆಂಬರಿನಲ್ಲಿ.

ಎರಡನೇ ಮಹಾಯುದ್ಧದ ಕಾಲ. ಗ್ರೀಸ್ ಜರ್ಮನ್ನರ ಕೈಯಲ್ಲಿತ್ತು. ಬೆಟ್ಟಗಳಲ್ಲಿ ಎಲಾಸ್ ಎಂಬ ಗೆರಿಲ್ಲಾ ಪಡೆ ಅವರ ವಿರುದ್ಧ ಹೋರಾಡುತ್ತಿತ್ತು. ಅಕ್ಟೋಬರಿನಲ್ಲಿ ಕಲಾವ್ರಿತಾ ಸುತ್ತಮುತ್ತ ಬಂದ ಒಂದು ಜರ್ಮನ್ ತುಕಡಿಯನ್ನು ಗೆರಿಲ್ಲಾಗಳು ಸೋಲಿಸಿ ಸುಮಾರು 80 ಸೈನಿಕರನ್ನು ಸೆರೆ ಹಿಡಿದರು. ಬಿಡುಗಡೆಯ ಮಾತುಕತೆ ಮುರಿದುಬಿತ್ತು. ಸೆರೆಯಾಳುಗಳನ್ನು ಕೊಂದರು. ಜರ್ಮನ್ 117ನೇ ಯೇಗರ್ ಡಿವಿಜನ್ನಿನ ಜನರಲ್ ಕಾರ್ಲ್ ಫಾನ್ ಲೆ ಸುಯಿರ್ ಸೇಡಿಗೆ ಆದೇಶ ಕೊಟ್ಟ. ಸೈನ್ಯ ನಾಲ್ಕೂ ಕಡೆಯಿಂದ ಬೆಟ್ಟ ಹತ್ತಿತು. ದಾರಿಯ ಹಳ್ಳಿಗಳನ್ನು ಸುಟ್ಟಿತು. ಮೇಗಾ ಸ್ಪಿಲಿಯೋ ಮಠದ ಸನ್ಯಾಸಿಗಳನ್ನು ಕೊಂದು ಬಂಡೆಯ ಮೇಲಿಂದ ಕೆಳಗೆ ಎಸೆಯಿತು.

ಡಿಸೆಂಬರ್ 13, ಸೋಮವಾರ. ಬೆಳಗಾಗುವ ಹೊತ್ತಿಗೆ ಚರ್ಚಿನ ಗಂಟೆ ಹೊಡೆಯಿತು. ಎಲ್ಲರೂ ಶಾಲೆಗೆ ಬರಬೇಕು, ಒಂದು ಕಂಬಳಿ ಮತ್ತು ಒಂದು ದಿನದ ಊಟ ತರಬೇಕು ಅಂತ ಅಪ್ಪಣೆ. ಜನ ತಂದರು. ಶಾಲೆಯಲ್ಲಿ ಹೆಂಗಸರು, ಮಕ್ಕಳನ್ನು ಒಂದು ಕಡೆ ಮಾಡಿದರು. ಗಂಡಸರನ್ನೂ ದೊಡ್ಡ ಹುಡುಗರನ್ನೂ ಬೇರೆ ಮಾಡಿದರು. ಹದಿಮೂರು ಹದಿನಾಲ್ಕು ವರ್ಷದವರೂ ದೊಡ್ಡವರ ಲೆಕ್ಕಕ್ಕೆ ಹೋದರು. ಗಂಡಸರನ್ನು ಊರ ಮೇಲಿರುವ ಕಾಪಿ ಎಂಬ ದಿಬ್ಬಕ್ಕೆ ನಡೆಸಿಕೊಂಡು ಹೋದರು. ಅರೆಚಂದ್ರದ ಆಕಾರದ ಇಳಿಜಾರು ಹೊಲ ಅದು. ಅಲ್ಲಿಂದ ಊರು ಪೂರ್ತಿ ಕಾಣುತ್ತದೆ. ಕೂತಿದ್ದವರ ಕಣ್ಣೆದುರೇ ಕೆಳಗೆ ಮನೆಗಳಿಗೆ ಬೆಂಕಿ ಬಿತ್ತು. ಮಧ್ಯಾಹ್ನ ಊರೊಳಗಿಂದ ಸಂಕೇತದ ಬಾಣ ಹಾರಿತು. ಮೆಷಿನ್ ಗನ್ನುಗಳು ಶುರುವಾದವು. ಸುಮಾರು 500 ಜನ ಸತ್ತರು. ಹೆಣಗಳ ಕೆಳಗೆ ಸಿಕ್ಕಿಕೊಂಡು ಬದುಕಿದವರು ಹದಿಮೂರು ಮಂದಿ. ಸುತ್ತಲ ಹಳ್ಳಿ, ಮಠಗಳನ್ನೂ ಸೇರಿಸಿದರೆ ಆ ಕಾರ್ಯಾಚರಣೆಯಲ್ಲಿ ಸತ್ತವರು 700ರ ಹತ್ತಿರ. ಮರುದಿನ ಆಯಿಯಾ ಲಾವ್ರಾ ಮಠವನ್ನೂ ಸುಟ್ಟರು.

ಕೆಳಗೆ ಶಾಲೆಯಲ್ಲಿ ಹೆಂಗಸರು, ಮಕ್ಕಳು, ಮುದುಕಿಯರು ಕೂಡಿಹಾಕಿದ ಹಾಗೇ ಇದ್ದರು. ಶಾಲೆಗೂ ಬೆಂಕಿ ತಗುಲಿತು. ಹೊಗೆ ತುಂಬಿತು. ಕಿಟಕಿ ಒಡೆದು ಮಕ್ಕಳನ್ನು ಹೊರಗೆ ಎಸೆದವರಿದ್ದಾರೆ. ಬಾಗಿಲು ಹೇಗೋ ತೆರೆದುಕೊಂಡಿತು. ಹೊರಗೆ ಓಡಿದರು. ಊರು ಉರಿಯುತ್ತಿತ್ತು. ದಿಬ್ಬದ ಸುದ್ದಿ ಅವರಿಗೆ ಆಮೇಲೆ ತಿಳಿಯಿತು.

ಮುಂದಿನದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಣ ಹೊರಲು ಗಂಡಸರಿಲ್ಲ. ಚಟ್ಟ ಕಟ್ಟಲು ಸುಡದೆ ಉಳಿದ ಮನೆಯಿಲ್ಲ, ಹಲಗೆಯಿಲ್ಲ. ಹೆಂಗಸರ ಕೈಯಲ್ಲಿದ್ದದ್ದು ಬೆಳಿಗ್ಗೆ ಅಪ್ಪಣೆಯಂತೆ ತಂದಿದ್ದ ಕಂಬಳಿಗಳು. ಗಂಡನನ್ನು, ಮಗನನ್ನು ಅದೇ ಕಂಬಳಿಯಲ್ಲಿ ಮಲಗಿಸಿ, ದಿಬ್ಬದಿಂದ ಕೆಳಗೆ ಎಳೆದುಕೊಂಡು ಸ್ಮಶಾನಕ್ಕೆ ತಂದರು. ಡಿಸೆಂಬರಿನ ಚಳಿಗೆ ನೆಲ ಗಟ್ಟಿಯಾಗಿತ್ತು. ಸಿಕ್ಕಿದ್ದರಿಂದ, ಇಲ್ಲದಿದ್ದರೆ ಕೈಯಿಂದಲೇ ಅಗೆದರು. ಈ ಕೆಲಸ ದಿನಗಟ್ಟಲೆ ನಡೆಯಿತು. ಆಮೇಲೆ ಸುಟ್ಟ ಗೋಡೆಗಳ ಮಧ್ಯೆ ಮಕ್ಕಳನ್ನು ಕಟ್ಟಿಕೊಂಡು ಆ ಚಳಿಗಾಲ ಕಳೆದರು.

ಬಾಗಿಲು ಹೇಗೆ ತೆರೆಯಿತು? ಇಲ್ಲಿ ಆ ಕತೆ ಹುಟ್ಟುತ್ತದೆ. ಕಾವಲಿದ್ದ ಒಬ್ಬ ಆಸ್ಟ್ರಿಯನ್ ಸೈನಿಕನಿಗೆ ಕರುಣೆ ಬಂತು, ಅವನೇ ಬಾಗಿಲು ತೆರೆದ, ಅದಕ್ಕಾಗಿ ಅವನ ಕಡೆಯವರೇ ಅವನನ್ನು ಕೊಂದರು ಅಂತ. ಕೇಳಲು ಎಷ್ಟು ಚೆನ್ನಾಗಿದೆ, ಅಲ್ವಾ? ಯುದ್ಧದ ಕತೆಗೆ ಒಬ್ಬ ಒಳ್ಳೆಯವನು ಸಿಕ್ಕರೆ ನಮಗೆಲ್ಲ ಸಮಾಧಾನ. ಆದರೆ ಆ ಶಾಲೆಯಲ್ಲಿದ್ದು ಬದುಕಿ ಬಂದ ಅನೇಕರು ಇದನ್ನು ಒಪ್ಪುವುದಿಲ್ಲ. ಹೆಂಗಸರೇ ನುಗ್ಗಿ ಬಾಗಿಲು ಮುರಿದರು ಅನ್ನುತ್ತಾರೆ. 2021ರಲ್ಲಿ ಈ ಸೈನಿಕನ ಕತೆ ಇಟ್ಟುಕೊಂಡು ಒಂದು ಸಿನಿಮಾ ಬಂದಾಗ ಸಂತ್ರಸ್ತರ ಕಡೆಯಿಂದ ದೊಡ್ಡ ವಿರೋಧ ಬಂತು.

ಹೆರಾಕ್ಲೀಸ್ ಬೆಟ್ಟ ಸೀಳಿದ್ದನ್ನು ಒಪ್ಪುವ ಊರು, ಬರದೇ ಇದ್ದ ಬಿಷಪ್ಪರನ್ನು ಬಂದರು ಅಂತ ಒಪ್ಪುವ ಊರು, ಈ ಒಬ್ಬ ಸೈನಿಕನನ್ನು ಯಾಕೆ ಒಪ್ಪಬಾರದು? ನನಗೆ ಅನ್ನಿಸುವುದು ಇದು. ಬಾಗಿಲು ತೆರೆದ ಕೀರ್ತಿ ಯಾರಿಗೆ ಹೋಗುತ್ತದೆ ನೋಡಿ. ಹೊಗೆಯಲ್ಲಿ ಮಕ್ಕಳನ್ನು ಕಿಟಕಿಯಿಂದ ಎಸೆದ ತಾಯಂದಿರು ಸುಮ್ನೆ ಕಾದು ಕೂತವರಾಗುತ್ತಾರೆ. ಊರು ಸುಟ್ಟ ಸೈನ್ಯದವನೇ ಆ ದಿನದ ನಾಯಕನಾಗುತ್ತಾನೆ. ಬಿಷಪ್ಪರ ಕತೆ ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಇದು ಕಿತ್ತುಕೊಳ್ಳುತ್ತದೆ. ಅಂಥ ಸೈನಿಕ ಇದ್ದಿರಬಹುದು ಅನ್ನುವವರೂ ಊರಲ್ಲಿದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಳಗಿದ್ದವರ ಮಾತಿಗೆ ಹೊರಗಿನವರು ಕಟ್ಟಿದ ಕತೆಗಿಂತ ತೂಕ ಜಾಸ್ತಿ ಇರಬೇಕು.

ಆ ಶಾಲೆ ಈಗ ವಸ್ತುಸಂಗ್ರಹಾಲಯ. 2005ರಿಂದ ತೆರೆದಿದೆ. ಊರ ಮುಖ್ಯ ಚರ್ಚಿನ ಒಂದು ಗಡಿಯಾರ 2 ಗಂಟೆ 34 ನಿಮಿಷಕ್ಕೆ ನಿಂತಿದೆ. ಕೊಲೆ ನಡೆದ ಹೊತ್ತು ಅದು, ಹಾಗೇ ಇರಲಿ ಅಂತ ಬಿಟ್ಟಿದ್ದಾರೆ. ದಿಬ್ಬದ ಮೇಲೆ ದೊಡ್ಡ ಬಿಳಿ ಶಿಲುಬೆ ಇದೆ, ಸತ್ತವರ ಹೆಸರುಗಳಿವೆ. ಇನ್ನು ಯುದ್ಧ ಬೇಡ, ಶಾಂತಿ ಇರಲಿ ಅಂತ ಇಳಿಜಾರಿನಲ್ಲಿ ಬಿಳಿ ಅಕ್ಷರಗಳಲ್ಲಿ ಬರೆದಿದೆ.

ಆದೇಶ ಕೊಟ್ಟ ಜನರಲ್ ಕಲಾವ್ರಿತಾದ ವಿಷಯಕ್ಕೆ ಯಾವ ನ್ಯಾಯಾಲಯದ ಮುಂದೆಯೂ ನಿಲ್ಲಲಿಲ್ಲ. 1954ರಲ್ಲಿ ಸೋವಿಯತ್ ಸೆರೆಯಲ್ಲಿ ಸತ್ತ. 2000ದ ಏಪ್ರಿಲಿನಲ್ಲಿ ಜರ್ಮನಿಯ ಅಧ್ಯಕ್ಷ ಯೋಹಾನೆಸ್ ರಾವ್ ಈ ಊರಿಗೆ ಬಂದು ದುಃಖ ಮತ್ತು ನಾಚಿಕೆ ಹೇಳಿಕೊಂಡರು. ಊರಿನವರು ಅವರನ್ನು ಬರಮಾಡಿಕೊಂಡರು, ಪರಿಹಾರದ ಮಾತನ್ನೂ ಎತ್ತಿದರು. 2019ರಲ್ಲಿ ಗ್ರೀಸಿನ ಸಂಸತ್ತು ಯುದ್ಧಕಾಲದ ನಷ್ಟಕ್ಕೆ ಜರ್ಮನಿಯಿಂದ ಪರಿಹಾರ ಕೇಳಬೇಕು ಅಂತ ನಿರ್ಣಯ ಮಾಡಿತು. ಆ ವಿಷಯ ಯಾವತ್ತೋ ಮುಗಿದಿದೆ ಅಂತ ಜರ್ಮನಿ ಉತ್ತರ ಕೊಟ್ಟಿತು. ಗ್ರೀಸ್ ಮುಗಿದಿಲ್ಲ ಅನ್ನುತ್ತಿದೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.